ಹಿತ್ತಲ ಚಪ್ಪಲಿ

ತೀರ್ಥಹಳ್ಳಿ ಕಡೆಯ ನಮ್ಮಜ್ಜಿ ಮನೆಯ ಹಿತ್ತಲ ಬಾಗಿಲಾಚೆ ಸದಾ ಎರಡು ಮೂರು ಜೊತೆ ಹವಾಯಿ ಚಪ್ಪಲಿ ಬಿದ್ದಿರುತ್ತಿದ್ದವು. ಪೇಟೆಗೆ, ಮದುವೆ ಮುಂಜಿಗೆ ಹೋಗುವ ಚಪ್ಪಲಿಗಳ ಜಾಗ ಜಗಲಿಯ ಮೂಲೆ. ಇವುಗಳ ಸಂಚಾರವೆಲ್ಲ ಕೊಟ್ಟಿಗೆ, ಬಚ್ಚಲು, ಸೌದೆ ಕೊಟ್ಟಿಗೆಯ ನಡುವೆ. ಇಂಥವರದು ಅಂತ ಇರಲಿಲ್ಲ. ಯಾರ ಕಾಲು ಮೊದಲು ಬಂತೋ ಅವರದು. ಧನುರ್ಮಾಸದ ಬೆಳಗ್ಗೆ ಹಾಲು ಕರೆದು ಬಂದ ಅಜ್ಜಿ ಬಿಟ್ಟ ಚಪ್ಪಲಿಯನ್ನು ನಾನು ಆಗಲೇ ಮೆಟ್ಟುತ್ತಿದ್ದೆ. ಹಿಮ್ಮಡಿಯ ಹಿಂದೆ ನಾಲ್ಕು ಬೆರಳು ಜಾಗ ಉಳಿಯುತ್ತಿತ್ತು. ಅಂಗಳದ ಮಣ್ಣು ಇಬ್ಬನಿಗೆ ಕೊರೆಯುತ್ತಿದ್ದರೂ ಚಪ್ಪಲಿಯೊಳಗೆ ಅಜ್ಜಿಯ ಪಾದದ ಬಿಸಿ ಇನ್ನೂ ಇರುತ್ತಿತ್ತು.

ಚಾರಣಕ್ಕೆ ಹೊರಡುವ ಹಿಂದಿನ ರಾತ್ರಿ ಚೀಲ ತುಂಬಲು ಕೂತಾಗಲೆಲ್ಲ ಆ ಹಿತ್ತಲು ನೆನಪಾಗುತ್ತದೆ. ನಡೆಯುವ ಶೂ ಕೊಳ್ಳಲು ನಾವು ತಿಂಗಳುಗಟ್ಟಲೆ ಯೋಚಿಸುತ್ತೇವೆ, ನಾಲ್ಕು ಅಂಗಡಿ ಸುತ್ತುತ್ತೇವೆ. ಚೀಲದಲ್ಲಿ ಹೊತ್ತೊಯ್ಯುವ ಎರಡನೆಯ ಜೊತೆಯ ನೆನಪು ಬರುವುದು ಕಟ್ಟಕಡೆಗೆ, ಚೀಲದ ದಾರ ಬಿಗಿಯುವ ಹೊತ್ತಿಗೆ. ನನಗೆ ಮಾತ್ರ ಈಗೀಗ ಆ ಎರಡನೆಯ ಜೊತೆಯ ಮೇಲೆಯೇ ಹೆಚ್ಚು ಮಮತೆ. ಶೂ ಇರುವುದು ದಾರಿಗಾಗಿ. ಇದು ಇರುವುದು ಕಾಲಿಗಾಗಿ.

ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ದಿನವಿಡೀ ಮೈಭಾರದ ಜೊತೆಗೆ ಹತ್ತು ಕಿಲೋ ಚೀಲವನ್ನೂ ಹೊತ್ತು, ಕಲ್ಲಿನಿಂದ ಕಲ್ಲಿಗೆ ವಾಲಿ, ಬಿಗಿದ ಲೇಸಿನೊಳಗೆ ಬೆಂದು ಸಂಜೆಯ ಹೊತ್ತಿಗೆ ಅದು ಊದಿಕೊಂಡಿರುತ್ತದೆ. ಡೇರೆ ಹಾಕಿ, ಒಂದು ಬಂಡೆಯ ಮೇಲೆ ಕೂತು, ಲೇಸು ಸಡಿಲಿಸಿ ಶೂ ಕಳಚುವ ಆ ಗಳಿಗೆಗೆ ಸಮನಾದ ಸುಖ ಕಡಿಮೆ. ಕಾಲುಚೀಲವನ್ನು ಸುರುಳಿ ಸುತ್ತುತ್ತ ಎಳೆದರೆ ಮೀನಖಂಡದ ಕೆಳಗೆ ಅದರ ಗೆರೆಗಳೆಲ್ಲ ಅಚ್ಚೊತ್ತಿರುತ್ತವೆ. ಬೆರಳ ಸಂದಿನ ಚರ್ಮ ನೆನೆಹಾಕಿದ ಬಾದಾಮಿಯಂತೆ ಬೆಳ್ಳಗೆ ಮುದುರಿರುತ್ತದೆ. ಹೀಗೆ ಮೆತ್ತಗಾದ ಚರ್ಮವನ್ನು ಗಾಳಿಗೆ ಬಿಡದೆ ಮತ್ತೆ ಅದೇ ಒದ್ದೆ ಶೂಗೆ ತುರುಕಿದರೆ ಮರುದಿನ ಬೊಬ್ಬೆ ಏಳುತ್ತದೆ. ಬರಿಗಾಲಲ್ಲಿ ತಿರುಗೋಣವೆಂದರೆ ಮುಳ್ಳು, ಚೂಪುಗಲ್ಲು, ಚಳಿ. ಆಗ ಚೀಲದಿಂದ ಹೊರಬರುವ ಹಗುರ ಚಪ್ಪಲಿಯೇ ಕಾಲಿಗೆ ಹಿತ್ತಲ ಬಾಗಿಲು ತೆರೆದುಕೊಡುತ್ತದೆ.

ಹಾಗಾದರೆ ಯಾವುದನ್ನು ಒಯ್ಯುವುದು? ನಾನೊಮ್ಮೆ ಮನೆಯಲ್ಲಿದ್ದ ಮೂರು ಬಗೆಯನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆ. ಹವಾಯಿ ಚಪ್ಪಲಿ 250 ಗ್ರಾಂ, ರಂಧ್ರಗಳಿರುವ ಫೋಮಿನ ಕ್ರಾಕ್ಸ್ 320, ಮೂರು ಪಟ್ಟಿಯ ದಪ್ಪ ಸ್ಯಾಂಡಲ್ 680. ಅಕ್ಕಿಯಾದರೆ ಒಂದೆರಡು ಪಾವಿನ ವ್ಯತ್ಯಾಸ. ಬೆನ್ನ ಮೇಲೆ ಐದು ದಿನ ಹೊರುವಾಗ ಆ ವ್ಯತ್ಯಾಸ ಬೆನ್ನಿಗೇ ಗೊತ್ತು. ಹಾಗೆಂದು ತಕ್ಕಡಿಯ ಮಾತೇ ಕೊನೆಯಲ್ಲ.

ಒಂದು ಜುಲೈನಲ್ಲಿ ಹಿಮಾಚಲದ ಹಂಪ್ತಾ ಪಾಸಿಗೆ ಹೋಗಿದ್ದೆವು. ಕುಲ್ಲು ಕಣಿವೆಯ ಹಸಿರಿನಿಂದ ಹೊರಟು, ಸುಮಾರು 14,000 ಅಡಿ ಎತ್ತರದ ಆ ಕಣಿವೆದಾರಿಯನ್ನು ದಾಟಿದರೆ ಅತ್ತ ಲಾಹೌಲಿನ ಬೋಳು ಬೆಟ್ಟಗಳು. ಚೀಕಾ, ಬಾಲು ಕಾ ಘೇರಾ, ಶಿಯಾ ಗೋರು ಎಂದು ಒಂದೊಂದು ರಾತ್ರಿ ಒಂದೊಂದು ಕಡೆ ಡೇರೆ. ಸಂಜೆಯ ಚಳಿಗೆ ಉಣ್ಣೆಯ ಕಾಲುಚೀಲ ಬೇಕೇ ಬೇಕು. ಅದನ್ನು ತೊಟ್ಟ ಮೇಲೆ ಹವಾಯಿಯ ಬಾರು ಹೆಬ್ಬೆರಳ ಸಂದಿಗೆ ಇಳಿಯುವುದಿಲ್ಲ. ಹಿಮ ಕರಗಿದ ನೀರನ್ನು ದಾಟುವಾಗ ಇನ್ನೂ ಕಷ್ಟ. ಬಿಸಿಲೇರಿದಂತೆ ಮೇಲೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ಹಳ್ಳ ಉಬ್ಬುತ್ತದೆ, ಅದಕ್ಕೇ ದಾಟುವುದು ಬೆಳಗಿನಲ್ಲಿ. ನಾಲ್ಕು ಹೆಜ್ಜೆಗೆ ಪಾದ ಮರಗಟ್ಟುತ್ತದೆ, ಕೆಳಗಿನ ಕಲ್ಲು ನುಣ್ಣಗೋ ಚೂಪೋ ತಿಳಿಯುವುದಿಲ್ಲ. ಹವಾಯಿಯನ್ನು ಸೆಳವು ಕಿತ್ತುಕೊಂಡು ಹೋಗುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಕ್ರಾಕ್ಸ್ ಅಲ್ಲಿ ಎರಡು ಕೆಲಸವನ್ನೂ ಮಾಡಿತು: ಸಂಜೆ ಉಣ್ಣೆಯ ಮೇಲೆ ಕೂತಿತು, ಬೆಳಗ್ಗೆ ನೀರಲ್ಲಿ ಕಾಲು ಬಿಡಲಿಲ್ಲ. ದಡ ಸೇರಿದ ಮೇಲೆ ರಂಧ್ರಗಳಿಂದ ನೀರು ಸುರಿದುಹೋಯಿತು. ಚೀಲದ ಹೊರಗೆ ನೇತುಹಾಕಿ ನಡೆದರೆ ಅರ್ಧ ಗಂಟೆಯಲ್ಲಿ ಒಣಗಿತ್ತು. ಶೂ ಮಾತ್ರ ಒಣಗಿದ್ದ ಹಾಗೇ ಇತ್ತು.

ಕುಮಾರ ಪರ್ವತ ಕಲಿಸಿದ ಪಾಠ ಬೇರೆ. ಅಕ್ಟೋಬರಿನಲ್ಲಿ ದೊಡ್ಡಮ್ಮನ ಮಗಳು, ನಮ್ಮಕ್ಕ, ನನ್ನ ಜೊತೆ ಬಂದಿದ್ದಳು. ಅವಳ ಶೂ ಒಳ್ಳೆಯದೇ. ಹಿಂದೆ ಎರಡು ಸಲ ತೊಟ್ಟು, ಆರೇಳು ವರ್ಷ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಳು. 1,712 ಮೀಟರಿನ ತುದಿ ನೋಡಿ, ಶೇಷಪರ್ವತದಿಂದ ಇಳಿಯುವಾಗ ಹಿಂದಿನಿಂದ ಕೂಗಿದಳು: “ನೋಡೇ, ಶೂ ಬಾಯಿ ಬಿಡ್ತು.” ಅಟ್ಟೆ ಮುಂಗಾಲಿನಿಂದ ಹಿಮ್ಮಡಿಯವರೆಗೆ ಕಳಚಿ ನೇತಾಡುತ್ತಿತ್ತು. ಬೆರಳಿಂದ ಮುಟ್ಟಿದರೆ ನಡುವಿನ ಪದರ ಹಳೇ ರಸ್ಕಿನಂತೆ ಪುಡಿಯಾಗಿ ಉದುರಿತು. ಇಂಥ ಎಷ್ಟೋ ಶೂಗಳ ಅಟ್ಟೆಯ ನಡುಪದರ ಪಾಲಿಯುರೆಥೇನಿನದು. ಗಾಳಿಯ ತೇವ ಅದನ್ನು ಒಳಗೊಳಗೇ ಒಡೆಯುತ್ತ ಹೋಗುತ್ತದೆ. ತೊಡದೆ ಮುಚ್ಚಿಟ್ಟರೂ ಬಿಡುವುದಿಲ್ಲ. ಜೋಪಾನವೇ ಅದಕ್ಕೆ ಮುಳುವಾಗಿತ್ತು.

ನಡುದಾರಿಯ ಗಿರಿಗದ್ದೆ ಇನ್ನೂ ದೂರವಿತ್ತು. ಅಲ್ಲಿಂದ ಕುಕ್ಕೆಗೆ ಕಾಡಿನ ಬೇರು, ಪಾಚಿಗಲ್ಲು, ಮಳೆಗಾಲ ಉಳಿಸಿಹೋದ ಇಂಬಳಗಳ ನಡುವೆ ಮತ್ತೆ ಸುಮಾರು 6 ಕಿ.ಮೀ. ಆ ಸಲ ನನ್ನ ಚೀಲದಲ್ಲಿದ್ದದ್ದು 680 ಗ್ರಾಮಿನ ದಪ್ಪ ಸ್ಯಾಂಡಲ್. ಅಕ್ಕನ ಕಾಲಿಗೆ ಅರ್ಧ ಬೆರಳು ದೊಡ್ಡದಾಯಿತು. ಪಟ್ಟಿ ಬಿಗಿದುಕೊಂಡು, ಇಂಬಳ ಹತ್ತದಂತೆ ಪಾದಕ್ಕೆ ಸುಣ್ಣ ಹಚ್ಚಿಕೊಂಡು ಕುಕ್ಕೆಯವರೆಗೂ ಇಳಿದಳು. ಮೂರು ದಿನ ಭಾರವೆಂದು ಹೊತ್ತದ್ದು ಆ ಸಂಜೆ ಅವಳನ್ನು ಹೊತ್ತು ತಂದಿತು.

ಅಂದಿನಿಂದ ಚೀಲ ತುಂಬುವಾಗ ನನ್ನನ್ನು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಶೂ ಕೈಕೊಟ್ಟರೆ ಇದನ್ನು ಮೆಟ್ಟಿ ಎಷ್ಟು ದೂರ ನಡೆಯಬೇಕಾದೀತು? ಹೋಂಸ್ಟೇ ಅಂಗಳದಷ್ಟೇ ಆದರೆ ಹವಾಯಿ ಸಾಕು. ಚಳಿ, ಹಳ್ಳ, ಡೇರೆ ಇದ್ದರೆ ಕ್ರಾಕ್ಸ್. ಊರು ದೂರ, ದಾರಿ ಒರಟು, ಜೊತೆಯಲ್ಲಿ ಹಳೆಯ ಶೂ ತೊಟ್ಟವರಿದ್ದರೆ ಸ್ಯಾಂಡಲ್ಲನ್ನೇ ಹೊರುತ್ತೇನೆ. ಚಪ್ಪಲಿಯನ್ನು ನಾವು ಜೋಡು ಅನ್ನುತ್ತೇವೆ. ಜೊತೆಗಾರರನ್ನೂ ಅದೇ ಮಾತಿನಿಂದ ಕರೆಯುತ್ತೇವೆ. ಎಷ್ಟು ದೂರದ ಜೊತೆ ಎಂದು ತಿಳಿದು ಆರಿಸಿದರೆ ಜೋಡು ಕಾಪಾಡುತ್ತದೆ.

ಹಂಪ್ತಾ ದಾರಿಯ ಶಿಯಾ ಗೋರುವಿನ ರಾತ್ರಿಯ ಮಾತು ಉಳಿಯಿತು. ಎರಡು ಗಂಟೆಗೆ ಎಚ್ಚರವಾಗಿ ಡೇರೆಯ ಜಿಪ್ ತೆಗೆದರೆ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಇರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗುತ್ತಿತ್ತು. ಕಾಲು ಮಡಚಿಕೊಂಡು ಕಾದೆ. ಸ್ವಲ್ಪ ಹೊತ್ತಿಗೆ ಟಾರ್ಚ್ ಬೆಳಕೊಂದು ಕಲ್ಲುಗಳ ನಡುವಿನಿಂದ ಬಂತು. ಪಕ್ಕದ ಡೇರೆಯ ಹುಡುಗಿ.

“ಅಯ್ಯೋ ಆಂಟಿ, ನಿಮ್ಮದಾ? ಕತ್ತಲೇಲಿ ಕಾಲಿಗೆ ಸಿಕ್ಕಿದ್ದು ಹಾಕ್ಕೊಂಡ್ಬಿಟ್ಟೆ.”

“ಇರಲಿ ಬಿಡಮ್ಮ, ಅದು ಇರೋದೇ ಅದಕ್ಕೆ” ಎಂದು ಕಾಲು ತೂರಿಸಿದೆ. ಒಳಗೆ ಬೆಚ್ಚಗಿತ್ತು.