ಪುರ್ತಗೇರಿಯಿಂದ ಮುಧೋಳದ ವರೆಗೆ

ಗಜೇಂದ್ರಗಡದ ಸಮೀಪದಲ್ಲಿರುವ ಪುರ್ತಗೇರಿಯು ಒಕ್ಕಲುತನದ ಊರು. ಹಿಂಗಾರಿ ಪೀಕು ಮನೆ ಸೇರಿದ ಮೇಲೆ ಈ ಸೀಮೆಯ ಹೊಲಗಳಲ್ಲಿ ಕುರಿಗಾರರ ಹಿಂಡುಗಳು ಬಂದಿಳಿಯುವವು. ಗೊಬ್ಬರವಾಗಲೆಂದು ಒಕ್ಕಲಿಗರು ತಮ್ಮ ಹೊಲದಲ್ಲಿ ಕುರಿ ತರುಬಿಸುವರು. ನಾಯಿಗಳ ಕಾವಲಿಲ್ಲದೆ ಕುರಿಗಾರನಿಗೆ ರಾತ್ರಿ ನಿದ್ದೆ ಬಾರದು. ತೋಳನ ಭಯವು ಈ ಬಯಲುಸೀಮೆಯಲ್ಲಿ ಇನ್ನೂ ಅಳಿದಿಲ್ಲ.

ನಾಯಿಗೆ ಶಿಕ್ಷಣ ಕೊಡುವ ಬಗೆಯನ್ನು ನೋಡಬೇಕೆಂದು ಹೊರಟ ನಮಗೆ ಮೊದಲ ಪಾಠವು ಈ ಹಿಂಡುಗಳಲ್ಲಿಯೇ ದೊರೆಯಿತು. ಇಲ್ಲಿ ಶಾಲೆಯಿಲ್ಲ, ಬೆತ್ತವಿಲ್ಲ. ಮರಿಯು ಕುರಿಗಳ ನಡುವೆಯೇ ಬೆಳೆಯುವದು. ಹಿರಿಯ ನಾಯಿ ಎದ್ದರೆ ತಾನೂ ಏಳುವದು, ಅದು ಬೊಗಳಿದರೆ ತಾನೂ ಬೊಗಳುವದು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದ ವರೆಗೆ ಯಾರೊಡನೆ ಬೆಳೆಯುವದೋ ಅವರನ್ನೇ ಮರಿಯು ತನ್ನವರೆಂದು ಬಗೆಯುವದೆಂದು ಪ್ರಾಣಿಶಾಸ್ತ್ರಜ್ಞರು ಹೇಳುವರು. ಕುರಿಗಾರರು ಶಾಸ್ತ್ರ ಓದದೆಯೇ ಇದನ್ನು ಅರಿತಿದ್ದಾರೆ.

ಗಜೇಂದ್ರಗಡವನ್ನು ಆಳಿದ್ದು ಘೋರ್ಪಡೆ ಮನೆತನ. ಅದೇ ಹೆಸರಿನ ಮನೆತನವು ಮುಧೋಳ ಸಂಸ್ಥಾನವನ್ನೂ ಆಳಿತು. ಆದ್ದರಿಂದ ನಾವು ಬಾದಾಮಿ, ಲೋಕಾಪುರಗಳ ಮೇಲಿಂದ ಮುಧೋಳಕ್ಕೆ ನಡೆದೆವು. ಕಿರಿದಾದ ನೀಳ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ: ಮುಧೋಳದ ನಾಯಿಯನ್ನು ಒಮ್ಮೆ ನೋಡಿದವರು ಮರೆಯಲಾರರು. ಇದು ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಅಳಿದುಹೋಗಲಿದ್ದ ಈ ತಳಿಯನ್ನು ಶ್ರೀಮಂತ ಮಾಲೋಜಿರಾವ್ ಘೋರ್ಪಡೆಯವರು ಪುನಃ ಬೆಳೆಸಿದರು; ಒಂದು ಜೋಡಿಯನ್ನು ಬ್ರಿಟಿಷ್ ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆಯವರು ಇದರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿದರು. 2016ರಲ್ಲಿ ಇಲ್ಲಿಯ ಮರಿಗಳು ಸೈನ್ಯದ ಶಿಕ್ಷಣಕ್ಕಾಗಿ ಮೀರತ್ತಿಗೆ ಹೋದವು.

ತಾಲೂಕಿನ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ತಳಿಯನ್ನು ಬೆರಕೆಯಾಗದಂತೆ ಕಾಯುವದೂ ಸಾಕುವವರಿಗೆ ತಿಳುವಳಿಕೆ ಕೊಡುವದೂ ಅದರ ಕೆಲಸ. ಸುತ್ತಲಿನ ಹಳ್ಳಿಗಳಲ್ಲಿ ಮರಿಗಳನ್ನು ಮಾರಿ ಸಂಸಾರ ಸಾಗಿಸುವ ಬಡ ಕುಟುಂಬಗಳು ಬಹಳ. ಆ ಮನೆಗಳ ಗೃಹಿಣಿಯರು ಸೂಲಗಿತ್ತಿಯೂ ದಾದಿಯೂ ಆಗಿ ತಾಯಿನಾಯಿಯನ್ನು ಜೋಪಾನ ಮಾಡುವರು. ಗಿಡ್ಡಗೂದಲಿನ ಈ ಜಾತಿಗೆ ಕತ್ತರಿಯ ಶೃಂಗಾರ ಬೇಕಿಲ್ಲ. ಒರಟು ಬಟ್ಟೆಯಿಂದ ಮೈಯುಜ್ಜಿ, ಉಗುರು ಕಿವಿಗಳನ್ನು ನೋಡಿಕೊಂಡರೆ ಸಾಕು.

ಆದರೆ ನಮ್ಮ ಮನಸ್ಸನ್ನು ನೋಯಿಸುವ ಸಂಗತಿಯೊಂದುಂಟು. ಕೀರ್ತಿ ಬೆಳೆದಂತೆ ಪಟ್ಟಣಿಗರಲ್ಲಿ ಈ ನಾಯಿಯ ಹುಚ್ಚೂ ಬೆಳೆದಿದೆ. ಬಯಲಿನಲ್ಲಿ ಗಾಳಿಯಂತೆ ಓಡಬೇಕಾದ ಪ್ರಾಣಿಯನ್ನು ಮಾಳಿಗೆಯ ಮೇಲೆ ಸರಪಳಿಯಿಂದ ಬಿಗಿಯುವರು. ಅದು ಒದರಿದರೆ, ಕಚ್ಚಲು ಬಂದರೆ, ದುಷ್ಟ ನಾಯಿಯೆಂದು ದೂರುವರು. ಬೀದಿಗೆ ಬಿಟ್ಟುಬಿಡುವವರೂ ಇದ್ದಾರೆ. ಓಡಲು ಬಯಲಿಲ್ಲದವರು ಈ ಜಾತಿಯನ್ನು ತಾರದಿರುವದೇ ಲೇಸೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ತರುವವರಾದರೂ ಎಂಟು ವಾರ ತುಂಬದ ಮರಿಯನ್ನು ಕೊಳ್ಳಬಾರದು. ಅಂಥ ಮಾರಾಟವನ್ನು 2017ರ ನಿಯಮಗಳು ನಿಷೇಧಿಸಿವೆ.

ಮನೆಮಂದಿಯೆಲ್ಲ ಮದುವೆಗೋ ಜಾತ್ರೆಗೋ ಹೊರಟಾಗ ನಾಯಿಯ ಗತಿಯೇನು? ಹಳ್ಳಿಯಲ್ಲಿ ನೆರೆಮನೆಯವರು ಎರಡು ರೊಟ್ಟಿ ಹಾಕಿಯಾರು. ಬೆಂಗಳೂರಿನಂಥ ಊರುಗಳಲ್ಲಿ ದಿನಗೂಲಿಯ ಮೇಲೆ ನಾಯಿಯನ್ನು ಇರಿಸಿಕೊಳ್ಳುವ, ಮೀಯಿಸುವ, ಕಲಿಸುವ ವಸತಿಗೃಹಗಳೇ ಹುಟ್ಟಿವೆ. ಮುಧೋಳದ ನಾಯಿಯು ಪರಕೀಯರ ಕೈಯನ್ನು ಸುಲಭವಾಗಿ ಒಪ್ಪದು. ಹೊಸ ಜಾಗದಲ್ಲಿ ಅನ್ನ ಬಿಡುವದೂ ಉಂಟು. ಆದುದರಿಂದ ಅಂಥ ಗೃಹಕ್ಕೆ ಮೊದಲು ತಾವೇ ಹೋಗಿ, ಓಡಾಡಲು ಅಂಗಳವುಂಟೇ, ರಾತ್ರಿ ಕಾಯುವವರುಂಟೇ, ಬಂದ ನಾಯಿಗಳಿಗೆಲ್ಲ ಹುಚ್ಚುರೋಗದ ಚುಚ್ಚುಮದ್ದು ಆಗಿದೆಯೇ ಎಂದು ವಿಚಾರಿಸಬೇಕು. ದೀರ್ಘ ಪ್ರವಾಸಕ್ಕೆ ಮುಂಚೆ ಒಂದೇ ರಾತ್ರಿ ಇರಿಸಿ ನೋಡಬೇಕು. ಜೊತೆಯಲ್ಲಿ ಮನೆಯದೇ ಹಳೆಯ ಕಂಬಳಿಯೊಂದನ್ನು ಕೊಟ್ಟು ಕಳಿಸಿರಿ. ಅದನ್ನು ಒಗೆಯಬೇಡಿರಿ, ಮನೆಯವರ ಮೈವಾಸನೆ ಅದರಲ್ಲಿ ಉಳಿದಿರಲಿ.