ಸಿನ್ನರಿನ ಕಲ್ಲುಹೂಗಳು

ಶಿರಡಿ ಯಾತ್ರೆಗೆ ಹೊರಟಿರುವ ಸೋದರಿಯರೇ, ಬಾಬಾ ದರ್ಶನ ಮುಗಿಸಿ ನಾಸಿಕ, ತ್ರ್ಯಂಬಕೇಶ್ವರದ ಕಡೆ ಹೋಗುವಾಗ ದಾರಿಯಲ್ಲಿ ಸಿನ್ನರ ಎಂಬ ಊರು ಸಿಗುತ್ತದೆ. ನಾಸಿಕ ಅಲ್ಲಿಂದ ಸುಮಾರು 30 ಕಿ.ಮೀ. ಚಹಾ ಕುಡಿದು ಮುಂದೆ ಹೋಗಿಬಿಡಬೇಡಿ. ಅಲ್ಲಿ 'ಗಾರಗೋಟಿ' ಎಂಬ ಖನಿಜ ಸಂಗ್ರಹಾಲಯವಿದೆ. 2001ರಲ್ಲಿ ಶುರುವಾದದ್ದು. ಗಾರಗೋಟಿ ಅಂದರೆ ಮರಾಠಿಯಲ್ಲಿ ಬೆಣಚುಕಲ್ಲು.

"ಕಲ್ಲು ನೋಡಾಕ ರೊಕ್ಕ ಕೊಡಬೇಕೇನವಾ?" ಎಂದರು ನಮ್ಮ ಅತ್ತೆಯವರು. ಒಳಗೆ ಹೋದ ಮೇಲೆ ಹೊರಗೆ ಬರಲು ಒಪ್ಪದವರೂ ಅವರೇ!

ಅಲ್ಲಿ ನೋಡಬೇಕಾದದ್ದು ಜಿಯೊಲೈಟ್ ಹರಳುಗಳನ್ನು. ಸ್ಟಿಲ್ಬೈಟ್ ಎಂಬುದು ಕೇಸರಿಹಾಲಿನ ಬಣ್ಣ; ನಡು ಕಟ್ಟಿದ ಜೋಳದ ಸಿವುಡಿನಂತೆ ಎರಡೂ ಕಡೆ ಅರಳಿರುತ್ತದೆ. ಸ್ಕೋಲೆಸೈಟ್ ಬಿಳಿ ಸೂಜಿಗಳ ಗೊಂಚಲು. ಹ್ಯೂಲಂಡೈಟಿಗೆ ಮುತ್ತಿನ ಹೊಳಪು. ಇವುಗಳ ಜೊತೆಗೇ ಹುಟ್ಟುವ ಹಸಿರು ಅಪೊಫಿಲೈಟ್, ಪುಣೆ ಹತ್ತಿರದ ವಾಘೋಲಿಯ ನೀಲಿ ಕ್ಯಾವನ್ಸೈಟ್ ಜಿಯೊಲೈಟ್ ಜಾತಿಯವಲ್ಲ, ನೆರೆಮನೆಯವು ಅನ್ನಿ.

ಇವು ಹುಟ್ಟಿದ ಬಗೆ ನಮಗೆ ಸುಲಭವಾಗಿ ತಿಳಿಯುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲೆಲ್ಲ ಲಾವಾ ಹರಿಯಿತು. ನಮ್ಮ ವಿಜಯಪುರದ ಗೋಳಗುಮ್ಮಟದ ಕರಿಕಲ್ಲೂ ಅದೇ ಲಾವಾದ್ದು. ಕಾವಲಿಯ ಮೇಲೆ ದೋಸೆಗೆ ತೂತು ಬೀಳುವಂತೆ, ಆರುವ ಲಾವಾದಲ್ಲಿ ಗಾಳಿಗುಳ್ಳೆಗಳು ಉಳಿದವು. ಆಮೇಲೆ ಬಿಸಿನೀರು ಖನಿಜಗಳನ್ನು ಕರಗಿಸಿಕೊಂಡು ಆ ಗೂಡುಗಳಿಗೆ ಇಳಿಯಿತು. ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವಂತೆ ನಿಧಾನವಾಗಿ ಹರಳು ಕಟ್ಟಿತು.

ಆ ನೀರು ಇನ್ನೂ ಅವುಗಳ ಒಳಗಿದೆ! 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಇಂಥ ಕಲ್ಲನ್ನು ಕಾಯಿಸಿದಾಗ ಅದು ನೊರೆಗಟ್ಟಿ ಕುದಿಯಿತಂತೆ. ಹಾಗಾಗಿ ಗ್ರೀಕಿನಲ್ಲಿ 'ಕುದಿಯುವ ಕಲ್ಲು' ಎಂಬ ಅರ್ಥದ ಹೆಸರಿಟ್ಟ. ಗಡಸು ನೀರಿನ ಸುಣ್ಣದ ಅಂಶವನ್ನು ಹಿಡಿದುಕೊಳ್ಳುವ ಗುಣವೂ ಇದಕ್ಕಿದೆ. ಕಾರ್ಖಾನೆಯಲ್ಲಿ ತಯಾರಿಸಿದ ಜಿಯೊಲೈಟನ್ನು ಅದಕ್ಕಾಗಿಯೇ ಎಷ್ಟೋ ಬಟ್ಟೆ ಸೋಪಿನ ಪುಡಿಗಳಲ್ಲಿ ಬೆರೆಸುತ್ತಾರೆ.

ಈ ಹರಳುಗಳು ಹೆಚ್ಚಾಗಿ ಸಿಗುವುದು ಬಾವಿ ತೋಡುವಾಗ, ಜಲ್ಲಿ ಕ್ವಾರಿಯಲ್ಲಿ ಕಲ್ಲು ಸಿಡಿಸುವಾಗ. 1863ರಲ್ಲಿ ತೆರೆದ ಭೋರ್ ಘಾಟಿನ ರೈಲುದಾರಿ ಕಡಿಯುವಾಗಲೂ ಸಿಕ್ಕಿದ್ದವು. ಗೂಡು ಬಾಯ್ಬಿಟ್ಟ ಆ ಗಳಿಗೆಯಲ್ಲಿ ಕೂಲಿಯವನೊಬ್ಬ ಕೈ ತಡೆದು ಮೆಲ್ಲಗೆ ಬಿಡಿಸಿದರೆ ಹರಳು ಉಳಿಯಿತು. ಇಲ್ಲವೇ, ಕೋಟಿಗಟ್ಟಲೆ ವರ್ಷ ಉಳಿದು ಬಂದದ್ದು ಸಂಜೆಯೊಳಗೆ ರಸ್ತೆಯ ಜಲ್ಲಿ. ನಾವು ಬೆಲೆ ಕೊಟ್ಟು ಕೊಂಡರೆ ಅಂಥ ಕೈಗಳಿಗೂ ತಾಳ್ಮೆ ಬರುತ್ತದೆ, ಅಲ್ಲವೇ? ಆದರೆ ಅಜಂತಾ, ಎಲ್ಲೋರಾದ ಗುಹೆಗಳ ಗೋಡೆಯಿಂದ ಮಾತ್ರ ಚೂರೂ ಕೀಳಬಾರದು. ಕ್ವಾರಿಯೊಳಗೂ ಅಪ್ಪಣೆಯಿಲ್ಲದೆ ಕಾಲಿಡಬೇಡಿ.

ಕೊಳ್ಳುವಾಗ ಸ್ವಲ್ಪ ಎಚ್ಚರ. ಕಣ್ಣು ಕುಕ್ಕುವ ಗುಲಾಬಿ, ನೇರಳೆ ಬಣ್ಣ ಬಿರುಕುಗಳಲ್ಲಿ ದಟ್ಟವಾಗಿ ನಿಂತಿದ್ದರೆ ಅದು ಬಣ್ಣ ಹಾಕಿದ ಕಲ್ಲಿರಬಹುದು. ಹರಳನ್ನು ಹತ್ತಿಯಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿಟ್ಟು ತನ್ನಿ. ಮನೆಯಲ್ಲಿ ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು, ನಿಂಬೆ ಹಚ್ಚಬೇಡಿ. ಹುಳಿ ತಾಗಿದರೆ ಹೊಳಪು ಹೋದೀತು. ಬಿಸಿನೀರೂ ಬೇಡ. ಮೆತ್ತನೆಯ ಬ್ರಶ್ಶಿನಿಂದ ಧೂಳು ಒರೆಸಿದರೆ ಸಾಕು. ಸೂಜಿ ಹರಳಿಗೆ ಅದೂ ಬೇಡ, ಬಾಯಿಂದ ಊದಿ.

ಯಾತ್ರೆಗೆ ಹೋಗಲಾಗದಿದ್ದರೂ ಚಿಂತೆಯಿಲ್ಲ. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಸೋದರಿಯರೇ, ನಿಮ್ಮ ಓಣಿಯಲ್ಲಿ ಕರಿಜಲ್ಲಿ ಸುರಿದಾಗ ಒಮ್ಮೆ ಬಗ್ಗಿ ನೋಡಿ. ತೂತಿನೊಳಗೆ ಬಿಳಿ ಮಿನುಗು ಕಂಡರೆ, ಮೊದಲು ಮಕ್ಕಳನ್ನು ಕರೆಯಿರಿ.