ನಾಲ್ಕು ಪದಗಳ ಚೀಟಿ

ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ‘ಳ’, ‘ಣ’ ಅಕ್ಷರಗಳಿಲ್ಲ. ನಾನು ‘ಬೆಳವಣಿಗೆ’ ಎಂದರೆ ಸಾಕು, ತರಗತಿಯಲ್ಲಿ ಯಾರಾದರೂ ನಗುತ್ತಿದ್ದರು. ಹಾಗಾಗಿ ಸೆಮಿನಾರ್ ಇದ್ದಾಗಲೆಲ್ಲ ಚಾರ್ಟ್ ಹಿಡಿದು ನಿಲ್ಲುವ ಕೆಲಸವನ್ನೇ ಕೇಳಿ ಪಡೆಯುತ್ತಿದ್ದೆ.

ಈ ವರ್ಷ ನಮ್ಮ ಕನ್ನಡ ಮೇಡಂ ಊಟದ ಬಿಡುವಿನಲ್ಲಿ ದಿನವೂ ಹತ್ತು ನಿಮಿಷ ನನಗೊಬ್ಬಳಿಗೇ ಹೇಳಿಕೊಟ್ಟರು. ವಿಷಯ ನಮ್ಮೂರಿನದೇ: 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಪೂರ್ತಿ ಭಾಷಣ ಬರೆದು ಬಾಯಿಪಾಠ ಮಾಡುವುದು ಬೇಡವೆಂದರು. ಚೀಟಿಯಲ್ಲಿ ನಾಲ್ಕೇ ಪದ: ವಿಶ್ವೇಶ್ವರಯ್ಯ, ಅದಿರು, ಇದ್ದಿಲು, ಕಾರ್ಮಿಕರು. ಅದಿರು ಬರುತ್ತಿದ್ದ ‘ಕೆಮ್ಮಣ್ಣುಗುಂಡಿ’ಯನ್ನು, ನಾಲಿಗೆಯ ತುದಿ ಮೇಲಕ್ಕೆ ಮಡಚಿ, ದಿನಕ್ಕೆ ಇಪ್ಪತ್ತು ಸಲ ಹೇಳಿಸಿದರು. ಒಂದು ವಾಕ್ಯ ಮುಗಿದ ಮೇಲೆ ಉಸಿರು ತೆಗೆದುಕೊಂಡು, ಕೊನೆಯ ಬೆಂಚನ್ನು ನೋಡಿ ಮುಂದಿನ ವಾಕ್ಯ ಹೇಳಬೇಕಿತ್ತು. ಮನೆಯಲ್ಲಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳುತ್ತಿದ್ದೆ. “ಇಷ್ಟು ಅವಸರ ಯಾಕೆ?” ಎಂದು ಅಮ್ಮಿಯೂ ಕೇಳಿದರು.

2006ರಲ್ಲಿ ಶಿವಮೊಗ್ಗದಲ್ಲಿ ನಡೆದ 73ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಕೆ.ಎಸ್. ನಿಸಾರ್ ಅಹಮದ್, ಅವರ ಮನೆಮಾತೂ ಉರ್ದುವೇ ಎಂದು ಮೇಡಂ ಹೇಳಿದಾಗ ಧೈರ್ಯ ಬಂತು.

ಸೆಮಿನಾರ್‌ನಲ್ಲಿ ಆರು ನಿಮಿಷ ಮಾತಾಡಿದೆ. “ಕಲ್ಲಿದ್ದಲು ಬಿಟ್ಟು ಕಟ್ಟಿಗೆಯ ಇದ್ದಿಲು ಯಾಕೆ ಬಳಸಿದರು?” ಎಂದು ಹಿಂದಿನಿಂದ ಒಬ್ಬಳು ಕೇಳಿದಳು. “ಕಲ್ಲಿದ್ದಲು ದೂರ, ಕಾಡು ಹತ್ತಿರ” ಎಂದೆ. ಆ ಉತ್ತರ ಚೀಟಿಯಲ್ಲಿ ಇರಲಿಲ್ಲ.

ಗೆಳತಿಯರೇ, ಮಾತು ಹುಟ್ಟಿನಿಂದ ಬರುವ ವರವಲ್ಲ. ತಿದ್ದುವವರು ಒಬ್ಬರು ಸಿಕ್ಕಿ, ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಬರುತ್ತದೆ. ಸ್ಟಾಫ್ ರೂಮಿನ ಬಾಗಿಲು ತಟ್ಟಿ ಕೇಳಿ.